ಟರ್ಬೊ ಕಾರಿನ ಕ್ಲಚ್ಚಿಗೂ ಒಂದು ಅಳತೆಗೋಲು ಬೇಕು

ಕಾರಿನ ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಹವ್ಯಾಸ ಬೆಂಗಳೂರಿನ ಯುವಕರಲ್ಲಿ ಈಗ ಅಪರೂಪವೇನಲ್ಲ. ಟರ್ಬೊಚಾರ್ಜರ್ ಹೊಂದಿದ ಸಣ್ಣ ಪೆಟ್ರೋಲ್ ಎಂಜಿನ್‌ಗಳು ಇದನ್ನು ಸುಲಭಗೊಳಿಸಿವೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶವನ್ನು ಬದಲಿಸಿ ಟರ್ಬೊದ ಗಾಳಿಯೊತ್ತಡ ಏರಿಸಿದರೆ ಕಾರಿನ ಸ್ವಭಾವವೇ ಬದಲಾಗುತ್ತದೆ. ‘ರಿಮ್ಯಾಪ್’ ಎಂದು ಕರೆಯಲಾಗುವ ಈ ಕೆಲಸಕ್ಕೆ ತೆತ್ತ ಹಣವೇ ಪೂರ್ಣ ವೆಚ್ಚವೆಂದು ಮಾಲೀಕ ಭಾವಿಸುತ್ತಾನೆ. ಆದರೆ ವೆಚ್ಚದ ಎರಡನೆಯ ಕಂತು ಹಲವು ವೇಳೆ ಕೆಲವು ತಿಂಗಳ ಬಳಿಕ ಕ್ಲಚ್ಚಿನ ರೂಪದಲ್ಲಿ ಎದುರಾಗುತ್ತದೆ. ಆಗ ಅವನು ಮಾಡುವ ಆಯ್ಕೆ ಅವನ ಜೇಬಿಗೆ ಮಾತ್ರವಲ್ಲ, ರಸ್ತೆಯನ್ನು ಅವನೊಡನೆ ಹಂಚಿಕೊಳ್ಳುವ ಇತರರಿಗೂ ಸಂಬಂಧಿಸಿದ್ದು.

ಎಂಜಿನ್ನಿನ ತಿರುಗುಬಲವನ್ನು, ಅಂದರೆ ಟಾರ್ಕನ್ನು, ಗೇರ್‌ಬಾಕ್ಸಿಗೆ ದಾಟಿಸುವುದು ಕ್ಲಚ್. ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟಿನ ನಡುವೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗ್ ಅದುಮಿ ಹಿಡಿಯುತ್ತದೆ. ಅದುಮುವ ಬಲ, ಪ್ಲೇಟಿನ ಗಾತ್ರ, ಉಜ್ಜುವ ಮೇಲ್ಮೈಗಳ ಸಂಖ್ಯೆ ಮತ್ತು ಅವುಗಳ ಘರ್ಷಣಾಗುಣ, ಈ ನಾಲ್ಕೂ ಸೇರಿ ಅದರ ಸಾಮರ್ಥ್ಯವನ್ನು ನಿರ್ಧರಿಸುತ್ತವೆ. ತಯಾರಕರು ಎಂಜಿನ್ನಿನ ಗರಿಷ್ಠ ಟಾರ್ಕಿಗಿಂತ ತುಸು ಹೆಚ್ಚಿನ ಸಾಮರ್ಥ್ಯದ ಕ್ಲಚ್ಚನ್ನೇ ಅಳವಡಿಸಿರುತ್ತಾರೆ. ರಿಮ್ಯಾಪ್ ಮೊದಲು ಕಬಳಿಸುವುದು ಈ ಮೀಸಲನ್ನು.

ಭಾರತದಲ್ಲಿ 2020ರಿಂದ 2022ರವರೆಗೆ ತಯಾರಾದ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ ಕಾರನ್ನೇ ತೆಗೆದುಕೊಳ್ಳೋಣ. ಅದರ ಮೂಲ ಶಕ್ತಿ 110 ಪಿಎಸ್, ಟಾರ್ಕ್ 175 ನ್ಯೂಟನ್ ಮೀಟರ್. ಈ ಟಾರ್ಕ್ 1,750 ಆರ್‌ಪಿಎಂನಲ್ಲೇ ಪೂರ್ತಿ ದೊರೆಯುತ್ತದೆ. ಶಕ್ತಿಯ ಅಂಕಿಯನ್ನು ಎಲ್ಲರೂ ಹೇಳಿಕೊಳ್ಳುತ್ತಾರಾದರೂ ಕ್ಲಚ್ಚಿಗೆ ಭಾರವಾಗುವುದು ಕೆಳವೇಗದಲ್ಲೇ ಉಕ್ಕುವ ಈ ಟಾರ್ಕ್. ಮೇಲಿನ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ಜಿಗಿದು, ಕಾರಿನ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಈ ಜಾರುವಿಕೆ ಸಂಭವಿಸಿದರೆ, ಎದುರಿನಿಂದ ಬರುವ ಬಸ್ಸಿನ ಪ್ರಯಾಣಿಕರೂ ಆ ರಿಮ್ಯಾಪಿನ ಬೆಲೆಯನ್ನು ತೆರಬೇಕಾದೀತು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಒಮ್ಮೆ ಜಾರಿದ ಕ್ಲಚ್ಚಿನಿಂದ ಬೇಸತ್ತ ಮಾಲೀಕ, ಮಾರುಕಟ್ಟೆಯಲ್ಲಿರುವ ಅತಿ ಬಲಿಷ್ಠ ಕ್ಲಚ್ಚನ್ನೇ ಬಯಸುತ್ತಾನೆ. ಮಾರಾಟಗಾರರು ‘ಸ್ಟೇಜ್ 1’, ‘ಸ್ಟೇಜ್ 2’, ‘ಸ್ಟೇಜ್ 3’ ಎಂದು ಮೆಟ್ಟಿಲು ತೋರಿಸುತ್ತಾರೆ. ಈ ಮೆಟ್ಟಿಲುಗಳಿಗೆ ಸರ್ವಮಾನ್ಯ ವ್ಯಾಖ್ಯೆಯೇ ಇಲ್ಲ. ಒಬ್ಬರ ಎರಡನೆಯ ಮೆಟ್ಟಿಲು ಇನ್ನೊಬ್ಬರ ಮೊದಲನೆಯದಾಗಬಹುದು. ಕೆಲವರು ಟಾರ್ಕನ್ನು ಫ್ಲೈವೀಲಿನ ಬಳಿ ಲೆಕ್ಕ ಹಾಕಿದರೆ, ಇನ್ನು ಕೆಲವರು ಚಕ್ರದ ಬಳಿ ಅಳೆದ, ಸಹಜವಾಗಿಯೇ ಕಡಿಮೆ ಬರುವ ಅಂಕಿಯನ್ನು ಮುಂದಿಡುತ್ತಾರೆ. ಆಮದು ಸರಕಿನ ಮೇಲೆ ಪೌಂಡ್-ಅಡಿಯಲ್ಲಿ 300 ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ ಸುಮಾರು 407 ನ್ಯೂಟನ್ ಮೀಟರ್. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದಲೇ ವಿವರಿಸಿದ್ದರು. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವೂ ಸಂದಿತು. ಆ ಪಾಠ ಬಿಡಿಭಾಗಗಳ ಅಂಗಡಿಗೂ ಅನ್ವಯಿಸುತ್ತದೆ.

ಅತಿ ಬಲಿಷ್ಠ ಕ್ಲಚ್ಚಿಗೆ ತನ್ನದೇ ಆದ ದಂಡವಿದೆ. ಲೋಹದ ಪುಡಿಯನ್ನು ಕಾಯಿಸಿ ಒತ್ತಿ ತಯಾರಿಸಿದ ಬಿಲ್ಲೆಗಳ ಕ್ಲಚ್ ಶಾಖವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ರೇಸ್ ಟ್ರ್ಯಾಕಿಗೆ ತಕ್ಕುದು. ಆದರೆ ಅದು ಥಟ್ಟನೆ ಕಚ್ಚಿಕೊಳ್ಳುವುದರಿಂದ ನಿಧಾನವಾಗಿ ಹೊರಡುವಾಗ ಕಾರು ನಡುಗುತ್ತದೆ. ಸ್ಪ್ರಿಂಗ್ ಬಲ ಹೆಚ್ಚಿದಷ್ಟೂ ಪೆಡಲ್ ಬಿಗಿಯಾಗುತ್ತದೆ, ರಿಲೀಸ್ ಬೇರಿಂಗಿನ ಮೇಲೆ ಭಾರ ಬೀಳುತ್ತದೆ. ಟಾಮ್‌ಟಾಮ್ ಸಂಸ್ಥೆಯ 2023ರ ಸಮೀಕ್ಷೆಯ ಪ್ರಕಾರ ಬೆಂಗಳೂರಿನ ನಗರಭಾಗದಲ್ಲಿ 10 ಕಿ.ಮೀ. ಕ್ರಮಿಸಲು ಸರಾಸರಿ 28 ನಿಮಿಷಕ್ಕೂ ಹೆಚ್ಚು ಸಮಯ ಹಿಡಿಯಿತು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಹಾಫ್ ಕ್ಲಚ್ಚಿನಲ್ಲೇ ತೆವಳುವವನಿಗೆ ರೇಸಿನ ಕ್ಲಚ್ ವರವಲ್ಲ, ಶಾಪ. ಅಷ್ಟೇ ಅಲ್ಲ, ಕ್ಲಚ್ ಒಂದರ್ಥದಲ್ಲಿ ಮನೆಯ ಫ್ಯೂಸಿನಂತೆ. ಅದು ಜಾರುವುದನ್ನೇ ಮರೆತರೆ ಆಘಾತವೆಲ್ಲ ಗೇರ್‌ಬಾಕ್ಸಿಗೆ, ಡ್ರೈವ್‌ಶಾಫ್ಟಿಗೆ ವರ್ಗವಾಗುತ್ತದೆ. ಅವುಗಳ ಬೆಲೆ ಕ್ಲಚ್ಚಿನದಕ್ಕಿಂತ ಹೆಚ್ಚು.

ಆದ್ದರಿಂದ ಆಯ್ಕೆಯ ಸೂತ್ರ ಸರಳವಾಗಿರಬೇಕು. ರಿಮ್ಯಾಪ್ ಬಳಿಕ ಫ್ಲೈವೀಲಿನ ಬಳಿ ಟಾರ್ಕ್ 230 ನ್ಯೂಟನ್ ಮೀಟರ್ ಇದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಶೇ 25ರಷ್ಟು ಮೀಸಲು ಸೇರಿಸಿದರೆ 290ರ ಆಸುಪಾಸಿನ ಕ್ಲಚ್ ಸಾಕು, 500ರದು ಅನಗತ್ಯ. ಪ್ಲೇಟಿಗೆ ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗ್, ಅದರ ಮೇಲೆ ತುಸು ಬಿಗಿಯಾದ ಪ್ರೆಷರ್ ಪ್ಲೇಟ್, ಇವು ನಗರ ಸಂಚಾರಕ್ಕೆ ಹೊಂದುವ ಜೋಡಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಹೇಗಿದ್ದರೂ ಒಂದೇ ಆದ್ದರಿಂದ ರಿಲೀಸ್ ಬೇರಿಂಗನ್ನೂ ಆಗಲೇ ಬದಲಿಸಬೇಕು. ಫ್ಲೈವೀಲಿನ ಮೇಲ್ಮೈಯನ್ನೂ ಎಣ್ಣೆ ಸೋರುವ ಸೀಲನ್ನೂ ಪರೀಕ್ಷಿಸಬೇಕು. ಹೊಸ ಪ್ಲೇಟ್ ಹದಗೊಳ್ಳಲು ಮೊದಲ 500 ರಿಂದ 800 ಕಿ.ಮೀ. ಸೌಮ್ಯವಾಗಿ ಓಡಿಸಬೇಕು. ಇವೆಲ್ಲಕ್ಕಿಂತ ಅಗ್ಗದ ಮಾರ್ಗ ಇನ್ನೊಂದಿದೆ: ಮೂಲ ತಂತ್ರಾಂಶಕ್ಕೆ ಮರಳಿ ಮೂಲ ಕ್ಲಚ್ಚನ್ನೇ ಹಾಕಿಸುವುದು. ಹೆಚ್ಚುವರಿ ಟಾರ್ಕಿನಿಂದ ದೊರೆಯುವ ಸಂತೋಷ ಅದರ ಹೆಚ್ಚುವರಿ ವೆಚ್ಚಕ್ಕೆ ಸರಿದೂಗುವುದೇ ಎಂದು ಪ್ರತಿಯೊಬ್ಬ ಮಾಲೀಕನೂ ಕೇಳಿಕೊಳ್ಳಬೇಕು.

ಕಾನೂನಿನ ನಿಲುವು ಕಠಿಣವಾಗಿದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿದ ಇನ್‌ಸ್ಪೆಕ್ಟರ್ ಗೇರ್‌ಬಾಕ್ಸ್ ಬಿಚ್ಚಿ ನೋಡಲಾರರು. ತಪಾಸಣೆಗೆ ಸಿಗದ ನಿಷೇಧ, ವ್ಯವಹಾರವನ್ನು ನಿಲ್ಲಿಸುವ ಬದಲು ಮರೆಗೆ ತಳ್ಳುತ್ತದೆ ಎಂಬುದು ಆಡಳಿತದಲ್ಲಿ ದುಡಿದವರೆಲ್ಲ ಬಲ್ಲ ಸಂಗತಿ. ಮರೆಯಲ್ಲಿ ನಡೆಯುವ ವ್ಯಾಪಾರದಲ್ಲಿ ಬಿಲ್ಲೂ ಇಲ್ಲ, ಹೊಣೆಯೂ ಇಲ್ಲ.

ಪರಿಹಾರ ಅದೇ ಕಾಯ್ದೆಯಲ್ಲಿದೆ. ಮಾರ್ಪಾಡಿಗೆ ತಾಂತ್ರಿಕ ಮಾನದಂಡ ಮತ್ತು ಅನುಮೋದನೆಯ ಷರತ್ತುಗಳನ್ನು ನಿಗದಿಪಡಿಸುವ ಅಧಿಕಾರವನ್ನು 52ನೇ ಕಲಂ ಕೇಂದ್ರ ಸರ್ಕಾರಕ್ಕೆ ನೀಡಿದೆ. ಹಾಗೆ ಅನುಮೋದಿತವಾದ ಮಾರ್ಪಾಡಿನಿಂದ ತಯಾರಕರ ವಾರಂಟಿ ರದ್ದಾಗದೆಂದೂ ಅದು ಹೇಳುತ್ತದೆ. ಜರ್ಮನಿಯಲ್ಲಿ ಮಾರ್ಪಾಡು ಮಾಡಬಯಸುವವರು ಪರೀಕ್ಷಿತ ಬಿಡಿಭಾಗಕ್ಕೆ ಪ್ರಮಾಣಪತ್ರ ತೋರಿಸುತ್ತಾರೆ, ಅಗತ್ಯವಿದ್ದಲ್ಲಿ ಅದು ವಾಹನದ ದಾಖಲೆಯಲ್ಲೂ ಸೇರುತ್ತದೆ. ಪುಣೆಯ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್‌ನಂಥ ಪರೀಕ್ಷಾ ಸಂಸ್ಥೆ ಇರುವ ನಮಗೆ ಇದು ಅಸಾಧ್ಯವಲ್ಲ. ಮೊದಲ ಹೆಜ್ಜೆಯಾಗಿ, ಮಾರಾಟವಾಗುವ ಪ್ರತಿ ಕ್ಲಚ್ ಪೆಟ್ಟಿಗೆಯ ಮೇಲೆ ಫ್ಲೈವೀಲಿನ ಬಳಿಯ ಟಾರ್ಕ್ ಸಾಮರ್ಥ್ಯವನ್ನು ನ್ಯೂಟನ್ ಮೀಟರಿನಲ್ಲಿ, ಲೈನಿಂಗ್ ವಸ್ತುವಿನ ಹೆಸರು ಸಹಿತ, ಮುದ್ರಿಸುವುದನ್ನು ಕಡ್ಡಾಯಗೊಳಿಸಲಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ ನಮೂದಿಸಬೇಕೆಂದು ಹೇಳುವ ಸರ್ಕಾರ, ಘಾಟಿ ರಸ್ತೆಯಲ್ಲಿ ಜೀವ ಹಿಡಿದಿಡುವ ಒಂದು ಬಿಡಿಭಾಗಕ್ಕೂ ಅಷ್ಟನ್ನಾದರೂ ಹೇಳಬೇಡವೇ?