ಹಲ್ಲು ಶುಚಿ ಮಾಡುವುದನ್ನೂ ಕಾಲೇಜಿನಲ್ಲಿ ಕಲಿಯಬೇಕು



ಪ್ಲಸ್ ಟು ವಿಜ್ಞಾನ ಓದುವವರನ್ನು ‘ಮುಂದೇನು?’ ಅಂತ ಕೇಳಿದರೆ ಹೆಚ್ಚಿನವರ ಉತ್ತರ ಎರಡೇ. ಎಂ.ಬಿ.ಬಿ.ಎಸ್., ಅದಿಲ್ಲದಿದ್ದರೆ ಬಿ.ಡಿ.ಎಸ್. ನೀಟ್‌ನಲ್ಲಿ ಅಂಕ ಸಾಲದೆ ಹೋದರೆ ದಂತ ಕಾಲೇಜಿನ ಬಾಗಿಲು ಮುಚ್ಚಿತು ಅಂದುಕೊಳ್ಳುತ್ತಾರೆ. ಆದರೆ ಕೆಲವು ದಂತ ಕಾಲೇಜುಗಳಲ್ಲಿ ಇನ್ನೊಂದು ತರಗತಿಯೂ ನಡೆಯುತ್ತದೆ. ಅದರ ಹೆಸರೇ ನಿಮ್ಮಲ್ಲಿ ಬಹಳ ಮಂದಿಯ ಕಿವಿಗೆ ಬಿದ್ದಿರಲಿಕ್ಕಿಲ್ಲ. ಅದು ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾ, ಎರಡು ವರ್ಷದ ಕೋರ್ಸು. ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳು ಇದನ್ನು ‘ಬೇರೆ ಏನೂ ಸಿಗದಿದ್ದರೆ’ ಅಂತ ಬದಿಗಿಡದೆ ಮೊದಲೇ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ವಿಚಾರಿಸದೆ ಓಡಿ ಹೋಗಿ ಸೇರಲೂಬಾರದು. ಎರಡಕ್ಕೂ ಕಾರಣ ಹೇಳುತ್ತೇನೆ.

ಈ ಕೆಲಸಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಮಾನ್ಯತೆ ಬಂದದ್ದು 1948ರ ದಂತವೈದ್ಯರ ಕಾಯ್ದೆಯಿಂದ. ಹಲ್ಲಿಗೆ ಅಂಟಿದ ಗಾರೆಯನ್ನು ಕೆರೆದು ತೆಗೆಯುವುದು, ಹಲ್ಲನ್ನು ಉಜ್ಜಿ ನುಣುಪು ಮಾಡುವುದು, ಬಾಯಿಯ ಶುಚಿತ್ವದ ಬಗ್ಗೆ ಜನರಿಗೆ ತಿಳಿಸಿ ಹೇಳುವುದು ಇವರ ಕೆಲಸ. ಹಲ್ಲು ಕೀಳುವುದು, ಹುಳುಕು ತುಂಬುವುದು, ಬೇರಿನ ಚಿಕಿತ್ಸೆ ಮಾಡುವುದು ದಂತವೈದ್ಯರದ್ದು. ಹೈಜೀನಿಸ್ಟ್ ಆದವರು ಅದಕ್ಕೆ ಕೈ ಹಾಕುವಂತಿಲ್ಲ.

‘ಹಲ್ಲು ಕ್ಲೀನ್ ಮಾಡ್ಲಿಕ್ಕೆ ಎರಡು ವರ್ಷ ಓದಬೇಕಾ?’ ಅಂತ ನೀವು ಕೇಳಬಹುದು. ಕನ್ನಡಿಯ ಮುಂದೆ ನಿಂತು ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ನಾಲಿಗೆ ತಾಗಿಸಿ ನೋಡಿ. ಕೆಲವರಿಗೆ ಅಲ್ಲಿ ದೊರಗಾಗಿ ಏನೋ ತಾಗುತ್ತದೆ. ಅದೇ ಗಾರೆ. ನಾವು ಹಲ್ಲುಜ್ಜಿದ ಸ್ವಲ್ಪ ಹೊತ್ತಿಗೇ ಜೊಲ್ಲಿನ ಪ್ರೋಟೀನುಗಳು ಹಲ್ಲಿನ ಮೇಲೆ ತೆಳ್ಳಗಿನ ಪೊರೆ ಕಟ್ಟುತ್ತವೆ. ಅದಕ್ಕೆ ಬ್ಯಾಕ್ಟೀರಿಯಾಗಳು ಅಂಟಿ ಪಾಚಿ ಬೆಳೆಯುತ್ತದೆ. ಈ ಪಾಚಿಯನ್ನು ಬ್ರಶ್ಶಿನಿಂದ ತೆಗೆಯಬಹುದು. ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿಕೊಂಡು ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಜೊಲ್ಲಿನ ಗ್ರಂಥಿಗಳ ನಾಳ ನಾಲಿಗೆಯ ಅಡಿಯಲ್ಲಿ ತೆರೆಯುವುದರಿಂದಲೇ ಅಲ್ಲಿ ಗಾರೆ ಜಾಸ್ತಿ. ಒಮ್ಮೆ ಗಟ್ಟಿಯಾದ ಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಅದನ್ನು ತೆಗೆಯುವ ಯಂತ್ರದ ತುದಿ ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಕಂಪಿಸುತ್ತದೆ. ನಮ್ಮ ಕಿವಿಗೆ ಕೇಳಿಸುವ ಮಿತಿ 20,000 ಹರ್ಟ್ಸ್ ಅಂತ ಶಬ್ದದ ಪಾಠದಲ್ಲಿ ಓದಿದ್ದೀರಲ್ಲ, ಇದು ಅದಕ್ಕಿಂತ ಮೇಲಿನ ಶ್ರವಣಾತೀತ ಕಂಪನ. ತುದಿ ಬಿಸಿಯಾಗದಂತೆ ನೀರು ಚಿಮ್ಮುತ್ತಿರಬೇಕು. ಹಿಡಿಯುವ ಕೋನ ತಪ್ಪಿದರೆ ಹಲ್ಲಿನ ಬೇರಿಗೆ ಗಾಯ, ಯಾಕೆಂದರೆ ಬೇರಿನ ಹೊರಪದರ ಎನಾಮೆಲ್‌ನಷ್ಟು ಗಟ್ಟಿ ಇರುವುದಿಲ್ಲ. ಒಸಡು ಮತ್ತು ಹಲ್ಲಿನ ನಡುವಿನ ಸಂದನ್ನು ಸಪೂರ ಕಡ್ಡಿಯಿಂದ ಅಳೆಯುತ್ತಾರೆ. ಆರೋಗ್ಯವಂತರಲ್ಲಿ ಅದು 1ರಿಂದ 3 ಮಿಲಿಮೀಟರ್. ಅದಕ್ಕಿಂತ ಆಳವಾಗಿದ್ದರೆ ರೋಗದ ಸೂಚನೆ. ಒಂದು ಮಿಲಿಮೀಟರ್‌ನ ವ್ಯತ್ಯಾಸವನ್ನು ಬೆರಳ ತುದಿಯಲ್ಲಿ ಗುರುತಿಸುವುದು ಒಂದು ವಾರದಲ್ಲಿ ಬರುವ ವಿದ್ಯೆಯಲ್ಲ.

ಹಾಗಾಗಿ ಕೋರ್ಸಿನಲ್ಲಿ ದೇಹರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಗಳು, ಹಲ್ಲಿನ ಆಕಾರ, ಔಷಧಗಳ ಪರಿಚಯ, ಆಹಾರ, ಸಾರ್ವಜನಿಕ ಆರೋಗ್ಯ ಎಲ್ಲವೂ ಇರುತ್ತವೆ. ಉಪಕರಣಗಳನ್ನು 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ 15 ನಿಮಿಷ ಇಟ್ಟು ರೋಗಾಣುಮುಕ್ತ ಮಾಡುವುದನ್ನೂ ಕಲಿಸುತ್ತಾರೆ. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ತತ್ವವೇ ಅದು.

ಇಂಗ್ಲಿಷ್ ಶಬ್ದಗಳಿಗೆ ಹೆದರಬೇಡಿ. ಜಿಂಜೈವ ಅಂದರೆ ಒಸಡು, ಕ್ಯಾಲ್ಕುಲಸ್ ಅಂದರೆ ಗಾರೆ, ಮೋಲಾರ್ ಅಂದರೆ ದವಡೆ ಹಲ್ಲು. ಈ ಶಬ್ದಗಳು ಲ್ಯಾಟಿನ್‌ನಿಂದ ಬಂದವು, ಇಂಗ್ಲಿಷ್ ಮೀಡಿಯಂನ ಮಕ್ಕಳಿಗೂ ಹೊಸತೇ. ಹಲ್ಲುಗಳಿಗಂತೂ ಹೆಸರಿನ ಬದಲು ಅಂಕೆಗಳಿವೆ. 36 ಎಂದರೆ ಕೆಳಗಿನ ಎಡಬದಿಯ ಮೊದಲ ದವಡೆ ಹಲ್ಲು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಈ ಕೆಲಸದಲ್ಲಿ ಅರ್ಧ ಭಾಗ ಕೈಯದ್ದಾದರೆ ಇನ್ನರ್ಧ ಮಾತಿನದ್ದು. ‘ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತದಂತೆ’ ಎಂದು ಹೇಳುವವರು ನಿಮ್ಮ ಮನೆಯಲ್ಲೂ ಇದ್ದಾರು. ಗಾರೆ ತೆಗೆದಾಗ ಅದು ತುಂಬಿಕೊಂಡಿದ್ದ ಜಾಗ ಖಾಲಿಯಾಗಿ ಸಂದು ಕಾಣುತ್ತದೆ, ಆ ನಂಬಿಕೆ ಹುಟ್ಟಿದ್ದು ಅಲ್ಲಿಂದ. ‘ಅಜ್ಜೀ, ಹಲ್ಲನ್ನು ಹಿಡಿದುಕೊಂಡಿರುವುದು ಗಾರೆ ಅಲ್ಲ, ದವಡೆಯ ಎಲುಬು. ಗಾರೆ ಇದ್ದಷ್ಟು ದಿನ ಒಸಡು ಬಾತು ಆ ಎಲುಬೇ ಸವೆಯುತ್ತದೆ’ ಎಂದು ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಬೇಕಾದವರು ಯಾರು? ಕಾಸರಗೋಡಿನ ಕ್ಲಿನಿಕ್ಕಿಗೆ ಬರುವವರು ಕನ್ನಡ, ತುಳು, ಮಲೆಯಾಳ, ಕೊಂಕಣಿ, ಬ್ಯಾರಿ ಮಾತಾಡುತ್ತಾರೆ. ನಿಮ್ಮಲ್ಲಿ ಹೆಚ್ಚಿನವರಿಗೆ ಇವುಗಳಲ್ಲಿ ಮೂರಾದರೂ ಬರುತ್ತವೆ. ತಾಳವಾಡಿಯವರಿಗೆ ಕನ್ನಡದ ಜೊತೆ ತಮಿಳು, ಸೊಲ್ಲಾಪುರ, ಜತ್ತದವರಿಗೆ ಮರಾಠಿ, ಆದವಾನಿಯವರಿಗೆ ತೆಲುಗು. ಗಡಿಯಲ್ಲಿ ಬೆಳೆದದ್ದು ತೊಂದರೆ ಅಂತ ನಾವು ದೂರುವುದೇ ಹೆಚ್ಚು. ಈ ಕೆಲಸಕ್ಕೆ ಅದೇ ಬಂಡವಾಳ.

ಅಡಿಕೆಯ ವಿಷಯವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆ ಜಗಿಯುವುದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಕಾರಣಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ತೋಟದಿಂದಲೇ ಮಕ್ಕಳ ಫೀಸು ಕಟ್ಟುವ ಮನೆಗಳಲ್ಲಿ ಇದನ್ನು ಹೇಳುವುದು ಸುಲಭವಲ್ಲ. ಆದರೆ ವರ್ಷಗಟ್ಟಲೆ ಜಗಿದು ಕೆನ್ನೆಯ ಒಳಭಾಗ ಬಿರುಸಾಗಿ, ಬಾಯಿ ಸರಿಯಾಗಿ ತೆರೆಯದಂತಾದವರನ್ನು ಮೊದಲು ಗಮನಿಸುವ ಅವಕಾಶ ಹಲ್ಲು ಶುಚಿ ಮಾಡುವವರಿಗೇ ಸಿಗಬಹುದು. ಅವರು ರೋಗ ನಿರ್ಣಯ ಮಾಡುವುದಿಲ್ಲ, ಕೂಡಲೇ ಡಾಕ್ಟರಿಗೆ ತೋರಿಸುತ್ತಾರೆ. ಗದರಿಸದೆ, ನಮ್ಮವರಾಗಿ ಬುದ್ಧಿ ಹೇಳಿದರೆ ಕೇಳುವವರಿದ್ದಾರೆ.

ಈ ವೃತ್ತಿಯ ಚರಿತ್ರೆಯೂ ಇದನ್ನೇ ತೋರಿಸುತ್ತದೆ. ಅಮೆರಿಕದ ಬ್ರಿಜ್‌ಪೋರ್ಟ್ ಎಂಬ ಊರಿನ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ಈ ಕೆಲಸ ಕಲಿಸಿದ. 1913ರಲ್ಲಿ ಇದಕ್ಕಾಗಿಯೇ ಶಾಲೆ ತೆರೆದ. ಅಲ್ಲಿ ಕಲಿತವರಲ್ಲಿ ಅನೇಕರು ಹೋದದ್ದು ಊರಿನ ಶಾಲೆಗಳಿಗೆ, ಮಕ್ಕಳ ಹಲ್ಲು ಶುಚಿ ಮಾಡಿ ಪಾಠ ಹೇಳಲಿಕ್ಕೆ.

ಈಗ ಎಚ್ಚರಿಕೆಯ ಮಾತು. ನಮ್ಮಲ್ಲಿ ಸಣ್ಣ ಕ್ಲಿನಿಕ್‌ಗಳಲ್ಲಿ ಡಾಕ್ಟರರೇ ಹಲ್ಲು ಶುಚಿ ಮಾಡುವುದು ರೂಢಿ. ಆದ್ದರಿಂದ ಕೋರ್ಸು ಮುಗಿದ ಮರುದಿನವೇ ಕೆಲಸ ಕಾದಿರುತ್ತದೆ ಅಂತ ನಾನು ಹೇಳುವುದಿಲ್ಲ. ದೊಡ್ಡ ಆಸ್ಪತ್ರೆ, ದಂತ ಕಾಲೇಜುಗಳಲ್ಲಿ ಅವಕಾಶ ಇದೆ. ಕೇರಳದಲ್ಲಿ ಪಿ.ಎಸ್.ಸಿ. ಮೂಲಕ ಸರಕಾರಿ ಹುದ್ದೆಯೂ ಇದೆ, ಆದರೆ ಕಡಿಮೆ. ಗಲ್ಫಿಗೆ ಹೋಗುವ ಆಸೆ ಇದ್ದರೆ ಆ ದೇಶದ ಪರವಾನಗಿ ಬೇರೆ ಬೇಕು.

ಇನ್ನೊಂದು ಅಪಾಯ ಪೇಟೆಯ ಮಹಡಿಯಲ್ಲಿ ಬೋರ್ಡು ಹಾಕಿಕೊಂಡು ಆರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುವ ಕೇಂದ್ರಗಳದ್ದು. ಈ ಕೆಲಸ ಮಾಡಬೇಕಾದರೆ ರಾಜ್ಯದ ದಂತ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಮಾನ್ಯತೆ ಇಲ್ಲದ ಕಡೆ ಕಲಿತವರಿಗೆ ನೋಂದಣಿ ಸಿಗುವುದಿಲ್ಲ. ಅಪ್ಪ ಅಮ್ಮ ಸಾಲ ಮಾಡಿ ಕಟ್ಟಿದ ದುಡ್ಡು ನೀರಿಗೆ ಹಾಕಿದ ಹಾಗೆ. ಸೇರುವ ಮೊದಲು ಮೂರು ಪ್ರಶ್ನೆ ಕೇಳಿ: ಕೋರ್ಸಿಗೆ ಮಾನ್ಯತೆ ಇದೆಯೇ, ಕಾಗದ ತೋರಿಸುತ್ತೀರಾ? ದಿನವೂ ರೋಗಿಗಳು ಬರುವ ಚಿಕಿತ್ಸಾಲಯ ಇದೆಯೇ? ಮುಗಿಸಿದವರಿಗೆ ನೋಂದಣಿ ಆಗಿದೆಯೇ? ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಕೇರಳದಲ್ಲಿ ಈ ಡಿಪ್ಲೊಮಾಕ್ಕೆ ಇತರ ಪ್ಯಾರಾಮೆಡಿಕಲ್ ಕೋರ್ಸುಗಳ ಜೊತೆ ತಿರುವನಂತಪುರದ ಎಲ್.ಬಿ.ಎಸ್. ಕೇಂದ್ರದ ಮೂಲಕ ಪ್ರವೇಶ. ನೀಟ್ ಬೇಡ. ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಬೇರೆ ರಾಜ್ಯಗಳಲ್ಲಿರುವವರು ಹತ್ತಿರದ ಸರಕಾರಿ ದಂತ ಕಾಲೇಜಿಗೆ ಹೋಗಿ ವಿಚಾರಿಸಿ. ದಂತ ಕಾಲೇಜು ಇರುವಲ್ಲೆಲ್ಲ ಈ ಕೋರ್ಸು ಇರುವುದಿಲ್ಲ ಎಂಬುದು ನೆನಪಿರಲಿ.

ಹತ್ತನೆಯ ತರಗತಿಯವರೇ, ನಿಮಗೆ ಈ ಮಾತು ಈಗಲೇ ಬೇಕು. ಪ್ಲಸ್ ಟುವಿಗೆ ವಿಷಯ ಆರಿಸುವಾಗ ಜೀವಶಾಸ್ತ್ರ ಬಿಟ್ಟರೆ ಈ ದಾರಿಯೂ ಬಿಟ್ಟುಹೋಗುತ್ತದೆ. ರಜೆಯಲ್ಲಿ ಒಮ್ಮೆ ಹತ್ತಿರದ ದಂತ ಆಸ್ಪತ್ರೆಗೆ ಹೋಗಿ, ಅನುಮತಿ ಕೇಳಿ ಈ ಕೆಲಸ ನೋಡಿ ಬನ್ನಿ. ರಕ್ತ, ಜೊಲ್ಲು ಕಂಡು ಹೇಸಿಗೆಯಾಗುತ್ತದೋ, ಎದುರು ಕೂತವರ ನೋವಿನ ಕಡೆ ಮನಸ್ಸು ಹೋಗುತ್ತದೋ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಆಮೇಲೆ ಮನೆಯವರ ಹತ್ತಿರ, ವಿಜ್ಞಾನದ ಟೀಚರ ಹತ್ತಿರ ಮಾತಾಡಿ.