ಮೊಲದ ತೂಕವನ್ನು ಕಣ್ಣಿನಿಂದ ಅಳೆಯಬೇಡಿ

ನಿಮ್ಮ ಮನೆಯಲ್ಲಿ ಮೊಲ ಇದೆಯೇ? ಇದ್ದರೆ ಈ ಪುಟವನ್ನು ಓದಿ ಮುಗಿಸುವ ಮೊದಲು ಎದ್ದು ಹೋಗಿ, ಅದರ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿ ಬನ್ನಿ. ಏಕೆಂಬುದನ್ನು ಹೇಳುತ್ತೇನೆ.

ಮೈಸೂರಿನ ಉದಯಗಿರಿ, ರಾಜೀವನಗರ, ಮಂಡಿ ಮೊಹಲ್ಲಾದಂತಹ ನಮ್ಮ ಬಡಾವಣೆಗಳಲ್ಲಿ ಮೊಲ ಸಾಕುವ ಮನೆಗಳಿವೆ. ನಾಯಿ ಸಾಕಲು ನಮ್ಮವರಿಗೆ ಮನಸ್ಸಿಲ್ಲ. ಮೊಲವಾದರೆ ಸದ್ದು ಮಾಡುವುದಿಲ್ಲ, ಒಂದು ಮೂಲೆಯಲ್ಲಿ ಇರುತ್ತದೆ ಎಂಬ ಭಾವನೆ. ಈದ್ ದಿನ ಸಿಕ್ಕ ಈದಿಯನ್ನು ಕೂಡಿಸಿಟ್ಟು ಮಕ್ಕಳು ಮೊಲ ತರುವುದೂ ಉಂಟು. ನಮ್ಮ ಮನೆಗೂ ಒಂದು ಬಿಳಿ ಮೊಲ ಬಂದದ್ದು ಹಾಗೆಯೇ. ಮಕ್ಕಳು ಅದಕ್ಕೆ ಚಾಂದನಿ ಎಂದು ಹೆಸರಿಟ್ಟರು. ಕ್ಯಾರೆಟ್, ಬಿಸ್ಕತ್ತು, ಚಪಾತಿ ಚೂರು, ಮಿಕ್ಕಿದ ಅನ್ನ, ಏನು ಕೊಟ್ಟರೂ ತಿನ್ನುತ್ತಿತ್ತು. ಮನೆಗೆ ಬಂದವರೆಲ್ಲ “ಎಷ್ಟು ದುಂಡಗಿದೆ!” ಎನ್ನುತ್ತಿದ್ದರು. ನನಗೂ ಹೆಮ್ಮೆಯೇ.

ಎರಡು ವರ್ಷ ಕಳೆಯಿತು. ಒಂದು ಬಕ್ರೀದ್‌ಗೆ ಹತ್ತು ದಿನ ಮೊದಲು ಮಾಮು ಬಂದರು. ಪ್ರತಿ ವರ್ಷ ನಮಗೆ ಬನ್ನೂರು ಕುರಿ ಆರಿಸಿಕೊಡುವವರು ಅವರೇ. ಕುರಿಯ ಸೊಂಟದ ಮೇಲೆ ಕೈಯಿಟ್ಟು ಒತ್ತಿ ನೋಡಿದರೆ ಮಾಂಸ ಎಷ್ಟಿದೆ, ಬರೀ ಉಣ್ಣೆ ಎಷ್ಟಿದೆ ಎಂದು ಹೇಳಬಲ್ಲರು. ಮಕ್ಕಳು ತಂದು ಮಡಿಲಿಗೆ ಹಾಕಿದ ಚಾಂದನಿಯ ಬೆನ್ನಿನ ಮೇಲೂ ಅಭ್ಯಾಸ ಬಲದಿಂದ ಹಾಗೆಯೇ ಕೈಯಿಟ್ಟರು. ಅವರ ಮುಖ ಬದಲಾಯಿತು. “ಬೇಟಿ, ಇದರ ಬೆನ್ನಲ್ಲಿ ಏನೂ ಉಳಿದಿಲ್ಲ. ಇದೆಲ್ಲ ಬರೀ ಕೂದಲು” ಎಂದರು.

ಅಂದೇ ಪಶುವೈದ್ಯರ ಬಳಿಗೆ ಓಡಿದೆವು. ಚಾಂದನಿಯ ಹಿಂಬದಿಯ ದವಡೆ ಹಲ್ಲುಗಳು ಬೆಳೆದು ಸೂಜಿಯಂತಾಗಿ ನಾಲಿಗೆಯನ್ನು ಕೊಯ್ದಿದ್ದವು. ಅದು ತಟ್ಟೆಯ ಬಳಿಗೆ ಓಡಿ ಬಂದು, ಬಾಯಿಗೆ ತೆಗೆದುಕೊಂಡು, ಕೆಳಗೆ ಬೀಳಿಸುತ್ತಿತ್ತು. ನಾವು ಅದನ್ನು ಆಟ ಎಂದುಕೊಂಡಿದ್ದೆವು. ಹಿಕ್ಕೆ ಕಡಿಮೆಯಾದಾಗ ಗೂಡು ಶುಚಿಯಾಗಿದೆ ಎಂದು ನಾನು ಸಂತೋಷಪಟ್ಟಿದ್ದೆ! ವೈದ್ಯರು ಹಲ್ಲನ್ನು ಸರಿಪಡಿಸಿದರು. ಆದರೆ ಅಷ್ಟರಲ್ಲಿ ಕರುಳು ಕೆಲಸ ನಿಲ್ಲಿಸಿತ್ತು. ಮೂರನೆಯ ರಾತ್ರಿ ಅದು ಸತ್ತಿತು. “ಅಮ್ಮೀ, ನಾವು ದಿನಾ ಊಟ ಕೊಡ್ತಿದ್ವಲ್ಲಾ?” ಎಂದು ಮಗಳು ಕೇಳಿದಳು. ತಟ್ಟೆ ತುಂಬಿದ್ದ ಮನೆಯಲ್ಲಿ ಒಂದು ಮೂಕ ಜೀವಿ ಹಸಿವಿನಿಂದ ಸತ್ತಿತ್ತು.

ಆದ್ದರಿಂದಲೇ ಹೇಳುತ್ತಿದ್ದೇನೆ: ಮೊಲದ ತೂಕವನ್ನು ಕಣ್ಣಿನಿಂದ ಅಳೆಯಬೇಡಿ, ಪ್ರೀತಿಯಿಂದಲೂ ಅಳೆಯಬೇಡಿ. ಕೈಯಿಂದ ಮುಟ್ಟಿ ನೋಡಿ, ತಕ್ಕಡಿಯಲ್ಲಿಟ್ಟು ನೋಡಿ. ಅಷ್ಟು ಮಾಡಲಾಗದಿದ್ದರೆ ಮೊಲವನ್ನು ತರಲೇಬೇಡಿ.

ಇದು ದೀನ್‌ನ ಮಾತೂ ಹೌದು

ಪ್ರವಾದಿ ಮುಹಮ್ಮದ್(ಸ)ರವರು ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನನ್ನು ಕಂಡಾಗಲೆಲ್ಲ ಅವನು ಸಾಕಿದ್ದ ಪುಟ್ಟ ಹಕ್ಕಿಯ ಬಗ್ಗೆ ವಿಚಾರಿಸುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಮಕ್ಕಳು ಪ್ರಾಣಿ ಪಕ್ಷಿ ಸಾಕಬಹುದು ಎನ್ನಲು ವಿದ್ವಾಂಸರು ಇದನ್ನು ಆಧಾರವಾಗಿ ಕೊಡುತ್ತಾರೆ. ಆದರೆ ಬೆಕ್ಕನ್ನು ಕೂಡಿಹಾಕಿ, ತಾನೂ ತಿನ್ನಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾದ ಸಂಗತಿಯೂ ಅದೇ ಗ್ರಂಥಗಳಲ್ಲಿದೆ. ಗೂಡಿನಲ್ಲಿಟ್ಟ ಮೊಲಕ್ಕೂ ಹೊರಗೆ ಹೋಗಿ ಹುಲ್ಲು ಮೇಯುವ ದಾರಿಯಿಲ್ಲ. ಅದರ ರಿಝ್ಕ್ ಈಗ ನಿಮ್ಮ ಕೈಯಲ್ಲಿರುವ ಅಮಾನತ್ತು.

ಇನ್ನೊಂದು ಹದೀಸ್ ಅಬೂದಾವೂದ್‌ನಲ್ಲಿದೆ. ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದ್ದ ಒಂಟೆಯನ್ನು ಪ್ರವಾದಿ(ಸ)ರು ದಾರಿಯಲ್ಲಿ ಕಂಡರು. ಮಾತು ಬಾರದ ಈ ಪ್ರಾಣಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಿರಿ ಎಂದು ಎಚ್ಚರಿಸಿದರು. ಸವಾರಿಗಾಗಲಿ ಆಹಾರಕ್ಕಾಗಲಿ ಅವು ಆರೋಗ್ಯವಾಗಿರುವಾಗ ಬಳಸಬೇಕೆಂದರು. ಒಂಟೆ ಏನೂ ಹೇಳಿರಲಿಲ್ಲ, ಅದರ ಮೈಯನ್ನು ನೋಡಿಯೇ ಅವರು ಹಸಿವನ್ನು ತಿಳಿದರು.

“ಮೊಲ ಹಲಾಲ್ ಪ್ರಾಣಿ, ತಿನ್ನುವ ಪ್ರಾಣಿಗೆ ಇಷ್ಟೊಂದು ಉಪಚಾರವೇ?” ಎಂದು ಕೆಲವರು ಕೇಳುತ್ತಾರೆ. ಉತ್ತರ ಇದೇ ಹದೀಸ್‌ನಲ್ಲಿದೆ. ಕುರ್ಬಾನಿಗೆ ತೀರಾ ಬಡಕಲಾದ ಪ್ರಾಣಿ ಸಲ್ಲದು ಎಂಬುದು ನಮಗೆಲ್ಲ ಗೊತ್ತು. ಅದಕ್ಕಾಗಿಯೇ ಕುರಿಯ ಹಲ್ಲು ನೋಡುತ್ತೇವೆ, ಬೆನ್ನು ಹಿಡಿದು ನೋಡುತ್ತೇವೆ. ಆ ವಿದ್ಯೆಯನ್ನು ವರ್ಷಕ್ಕೊಮ್ಮೆ ಮಾತ್ರ ಬಳಸಬೇಕೆಂದು ಯಾರು ಹೇಳಿದರು?

ಕೈಯಿಂದ ನೋಡುವ ಬಗೆ

ನಿಮ್ಮ ಎಡಗೈ ಮುಷ್ಟಿ ಹಿಡಿದು ಗೆಣ್ಣುಗಳ ಮೇಲೆ ಬಲಗೈ ಬೆರಳಾಡಿಸಿ. ಮೊಲದ ಬೆನ್ನುಮೂಳೆ, ಪಕ್ಕೆಲುಬು ಹಾಗೆ ಚೂಪಾಗಿ ಸಿಕ್ಕಿದರೆ ಅದು ಬಡಕಲಾಗಿದೆ. ಈಗ ಮುಷ್ಟಿ ಬಿಚ್ಚಿ ಅಂಗೈಯನ್ನು ಚಪ್ಪಟೆಯಾಗಿಟ್ಟು ಅದರ ಹಿಂಬದಿಯನ್ನು ಮುಟ್ಟಿ. ಮೂಳೆ ತಿಳಿಯುತ್ತದೆ, ಆದರೆ ಚುಚ್ಚುವುದಿಲ್ಲ. ಮೊಲ ಹೀಗಿರಬೇಕು. ಹೆಬ್ಬೆರಳಿನ ಬುಡದ ಮೆತ್ತನೆಯ ಭಾಗವನ್ನು ಮುಟ್ಟಿದಂತೆ ಮೂಳೆಯೇ ಸಿಗದಿದ್ದರೆ ಮೊಲಕ್ಕೆ ಬೊಜ್ಜು ಬಂದಿದೆ ಎಂದರ್ಥ.

ಹೊಟ್ಟೆ ಉಬ್ಬಿದ್ದು ಬೆನ್ನು ಮಾತ್ರ ಚೂಪಾಗಿದ್ದರೆ ಅದು ಕೊಬ್ಬಲ್ಲ, ಕಾಯಿಲೆ. ಮರಿಗಳಲ್ಲಿ ಕಾಕ್ಸಿಡಿಯ ಎಂಬ ಪರೋಪಜೀವಿಯಿಂದ ಹೀಗಾಗುವುದುಂಟು. ಗಂಡು ಹೆಣ್ಣು ಜೊತೆಗಿದ್ದರೆ ಗರ್ಭವನ್ನೂ ನೆನಪಿನಲ್ಲಿಡಿ, ಮೊಲದ ಗರ್ಭ ಕೇವಲ 31 ದಿನದ್ದು.

ಜುಮಾ ದಿನದ ತೂಕ

“ಮೊಲ ಎಷ್ಟು ಕೆ.ಜಿ. ಇರಬೇಕು?” ಎಂಬುದಕ್ಕೆ ಒಂದೇ ಉತ್ತರವಿಲ್ಲ. ಪುಟ್ಟ ನೆದರ್‌ಲ್ಯಾಂಡ್ ಡ್ವಾರ್ಫ್ ಒಂದು ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ. ಬಿಳಿ ಮೈ, ಕೆಂಪು ಕಣ್ಣಿನ ನ್ಯೂಜಿಲೆಂಡ್ ವೈಟ್ 4ರಿಂದ 5 ಕೆ.ಜಿ. ತೂಗುತ್ತದೆ. ಬೆರಕೆ ಜಾತಿಯವು ಇವೆರಡರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಆದ್ದರಿಂದ ಪಕ್ಕದ ಮನೆಯ ಮೊಲಕ್ಕೆ ಹೋಲಿಸಬೇಡಿ, ನಿಮ್ಮ ಮೊಲದ ಕಳೆದ ವಾರದ ತೂಕಕ್ಕೆ ಹೋಲಿಸಿ.

ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಬುಟ್ಟಿಯಿಟ್ಟು, ಸೊನ್ನೆಗೆ ತಂದು, ಮೊಲವನ್ನು ಕೂರಿಸಿ. ಜುಮಾ ದಿನ ನಾವು ಉಗುರು ಕತ್ತರಿಸಿ ಸ್ನಾನ ಮಾಡುತ್ತೇವಲ್ಲ, ಅಂದೇ ಮೊಲದ ತೂಕವನ್ನೂ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ. ಬೆಳೆದ ಮೊಲ ತನ್ನ ತೂಕದ ಹತ್ತನೆಯ ಒಂದು ಭಾಗ ಇಳಿದರೆ ವೈದ್ಯರಿಗೆ ತೋರಿಸಲೇಬೇಕು. 2 ಕೆ.ಜಿ. ಮೊಲಕ್ಕೆ ಅದು 200 ಗ್ರಾಂ ಅಷ್ಟೇ. ಆದರೆ 60 ಕೆ.ಜಿ. ತೂಕದ ಮನುಷ್ಯ 6 ಕೆ.ಜಿ. ಇಳಿದಂತೆ. ಕಣ್ಣಿಗೆ ಇದು ಕಾಣುವುದಿಲ್ಲ, ಮೇಲೆ ಕೂದಲಿರುತ್ತದೆ.

ಹುಲ್ಲೇ ಊಟ

ಮೊಲಕ್ಕೆ 28 ಹಲ್ಲುಗಳು. ಅವು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಹುಲ್ಲನ್ನು ಗಂಟೆಗಟ್ಟಲೆ ಅಗಿದರೆ ಮಾತ್ರ ಅವು ಸವೆಯುತ್ತವೆ. ಬಿಸ್ಕತ್ತು, ಅನ್ನದಿಂದ ಸವೆಯುವುದಿಲ್ಲ. ಕರುಳು ನಡೆಯಲೂ ಹುಲ್ಲಿನ ನಾರು ಬೇಕು. ಊಟದ ಐದು ಭಾಗದಲ್ಲಿ ನಾಲ್ಕು ಭಾಗ ಹುಲ್ಲೇ ಇರಬೇಕು. ದಿನಕ್ಕೆ ಅದರ ಮೈಯಷ್ಟು ದೊಡ್ಡ ಕಟ್ಟು ಎಂದಿಟ್ಟುಕೊಳ್ಳಿ.

ಅಂಗಡಿಯ ಟಿಮೋಥಿ ಹುಲ್ಲು ದುಬಾರಿ ಎನಿಸಿದರೆ ಗರಿಕೆ ಹುಲ್ಲು ಕೊಡಿ. ಆದರೆ ರಸ್ತೆ ಬದಿಯದು, ಔಷಧಿ ಸಿಂಪಡಿಸಿದ್ದು ಬೇಡ. ಖಾಲಿ ಸೈಟುಗಳಲ್ಲಿ ಹುಲ್ಲಿನ ಜೊತೆ ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂ ಸೇರಿರುತ್ತದೆ. ಅದು ವಿಷ, ಆರಿಸಿ ತೆಗೆಯಿರಿ. ಕುದುರೆ ಮೆಂತೆ ಮರಿಗಳಿಗೆ ಒಳ್ಳೆಯದು, ದೊಡ್ಡ ಮೊಲಕ್ಕೆ ದಿನಾ ಕೊಟ್ಟರೆ ಬೊಜ್ಜು. ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪನ್ನು ತೊಳೆದು ಒಂದು ಹಿಡಿ ಕೊಡಬಹುದು. ಪೆಲೆಟ್ ಆಹಾರವನ್ನು ಮೊಲದ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಿ ಹಾಕಬೇಡಿ. ಕ್ಯಾರೆಟ್, ಬಾಳೆಹಣ್ಣು ಮೊಲಕ್ಕೆ ಮಿಠಾಯಿ ಇದ್ದಂತೆ, ಅಪರೂಪಕ್ಕೆ ಒಂದು ಚೂರು ಸಾಕು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಬೆಣ್ಣೆಹಣ್ಣು ಬೇಡವೇ ಬೇಡ.

ಬೊಜ್ಜಿನ ಮೊಲ ಮುದ್ದಾಗಿ ಕಂಡರೂ ಸುಖಿಯಲ್ಲ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಮೆತ್ತನೆಯದನ್ನು ತಾನೇ ಬಾಗಿ ತಿನ್ನುತ್ತದೆ. ಮಕ್ಕಳು ನೋಡಿ ಅಸಹ್ಯಪಟ್ಟರೆ ತಿಳಿಹೇಳಿ, ಅಲ್ಲಾಹನು ಅದರ ಹೊಟ್ಟೆಯನ್ನು ರಚಿಸಿರುವುದೇ ಹಾಗೆ, ಅದರಿಂದ ಅದಕ್ಕೆ ಪೋಷಕಾಂಶ ಸಿಗುತ್ತದೆ. ದಪ್ಪ ಮೊಲಕ್ಕೆ ಬಾಗಲಾಗುವುದಿಲ್ಲ. ಹಿಂಭಾಗ ಗಲೀಜಾಗಿ ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ. ಆದರೂ ಮೊಲಕ್ಕೆ ಸ್ನಾನ ಮಾಡಿಸಬೇಡಿ, ಹೆದರಿಕೆ ಮತ್ತು ಚಳಿಗೆ ಸತ್ತೇ ಹೋಗಬಹುದು. ಗಲೀಜಾದ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಬೊಜ್ಜು ಇಳಿಸಲೆಂದು ಉಪವಾಸ ಕೆಡವಲೂಬೇಡಿ. ಪೆಲೆಟ್ ಮತ್ತು ಸಿಹಿ ಕಡಿಮೆ ಮಾಡಿ, ಹುಲ್ಲು ಹೆಚ್ಚಿಸಿ, ದಿನಕ್ಕೆ ಕೆಲವು ಗಂಟೆ ಕೋಣೆಯಲ್ಲಿ ಓಡಾಡಲು ಬಿಡಿ.

ಫಜ್ರ್ ಮತ್ತು ಮಗ್ರಿಬ್

ಮೊಲ ಚುರುಕಾಗುವುದು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ. ನಾವು ನಮಾಝ್‌ಗೆ ಏಳುವ ಹೊತ್ತೂ ಅದೇ. ಫಜ್ರ್ ಆದ ಮೇಲೆ ಹೊಸ ಹುಲ್ಲು, ನೀರು ಇಟ್ಟು ಗೂಡಿನಲ್ಲಿ ಹಿಕ್ಕೆ ಎಷ್ಟಿದೆ ನೋಡಿ. ಮಗ್ರಿಬ್ ಆದ ಮೇಲೆ ಇನ್ನೊಮ್ಮೆ. ದುಂಡನೆಯ ಒಣ ಹಿಕ್ಕೆ ಬೇಕಾದಷ್ಟಿದ್ದರೆ ಅಲ್‌ಹಮ್ದುಲಿಲ್ಲಾಹ್. ಹಿಕ್ಕೆ ಸಣ್ಣದಾದರೆ, ಕಡಿಮೆಯಾದರೆ, ಮೊಲ ಬಾಯಿಯಿಂದ ಆಹಾರ ಬೀಳಿಸಿದರೆ, ಜೊಲ್ಲು ಸುರಿಸಿದರೆ ತಡಮಾಡಬೇಡಿ. 12 ಗಂಟೆ ಏನೂ ತಿನ್ನದ ಮೊಲ ಅಪಾಯದಲ್ಲಿದೆ ಎಂದೇ ತಿಳಿಯಿರಿ. “ನಾಳೆ ನೋಡೋಣ” ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಮಾರ್ಚ್‌ನಿಂದ ಮೇವರೆಗೆ ತಾರಸಿಯ ಶೀಟಿನ ಕೆಳಗೆ ಗೂಡು ಇಡಬೇಡಿ. ಮೊಲಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳಲಾಗುವುದಿಲ್ಲ, 30 ಡಿಗ್ರಿ ದಾಟಿದರೆ ಜೀವಕ್ಕೇ ಸಂಚಕಾರ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

ಮನೆಯಲ್ಲಿ ಉಳಿದ ಮಾತ್ರೆ ಕೊಡಬೇಡಿ. ಅಮಾಕ್ಸಿಸಿಲಿನ್‌ನಂತಹ ಪೆನ್ಸಿಲಿನ್ ಗುಂಪಿನ ಔಷಧಿ ಹೊಟ್ಟೆಗೆ ಹೋದರೆ ಮೊಲ ಸಾಯಬಹುದು. ನಾಯಿಗಳ ಉಣ್ಣೆಗೆ ಹಾಕುವ ಫಿಪ್ರೊನಿಲ್ ಕೂಡ ಇದಕ್ಕೆ ವಿಷವೇ. ಎಲ್ಲ ಪಶುವೈದ್ಯರೂ ಮೊಲ ನೋಡುವುದಿಲ್ಲ, ಕಾಯಿಲೆ ಬರುವ ಮೊದಲೇ ವಿಚಾರಿಸಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ನಿಮ್ಮ ಮಕ್ಕಳ ಆರೋಗ್ಯವೂ ಇದರಲ್ಲಿದೆ. ಮೊಲದ ಕಜ್ಜಿ ಮತ್ತು ಹುಳುಕಡ್ಡಿ ಮನುಷ್ಯರಿಗೂ ಅಂಟುತ್ತವೆ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಸಿ. ಗೂಡಿನ ಕಾಗದವನ್ನು ದಿನವೂ ಬದಲಿಸಿ. ನಮಾಝ್ ಮಾಡುವ ಜಾಗಕ್ಕೂ ಅಡುಗೆ ಮನೆಗೂ ಮೊಲವನ್ನು ಬಿಡಬೇಡಿ.

“ಮನುಷ್ಯರ ಆಸ್ಪತ್ರೆ ಖರ್ಚೇ ಭರಿಸಲಾಗದು, ಮೊಲಕ್ಕೆಲ್ಲಿ ತರೋಣ?” ಎಂಬುದೂ ನಿಜವಾದ ಮಾತೇ. ಆದರೆ ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ. ಗರಿಕೆ, ಅಡುಗೆ ಮನೆಯ ತಕ್ಕಡಿ, ದಿನಕ್ಕೆ ಹತ್ತು ನಿಮಿಷ ಸಾಕು. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 10 ವರ್ಷ ಬದುಕುತ್ತದೆ. ಅಷ್ಟು ವರ್ಷದ ಹೊಣೆಯನ್ನು ಈದ್ ದಿನದ ಒಂದು ಗಳಿಗೆಯ ಹಟಕ್ಕೆ ಒಪ್ಪಿಕೊಳ್ಳಬೇಡಿ. ಮಗುವಿಗೆ ಸೈಕಲ್ ಕೊಡಿಸಿ, ಪುಸ್ತಕ ಕೊಡಿಸಿ.

ಈಗಾಗಲೇ ಮನೆಯಲ್ಲಿದ್ದರೆ, ಬರುವ ಜುಮಾ ದಿನವೇ ತಕ್ಕಡಿ ತೆಗೆಯಿರಿ. ನಮ್ಮ ಮನೆಯಲ್ಲಿ ಆ ಕೆಲಸ ಎರಡು ವರ್ಷ ತಡವಾಯಿತು. ನಿಮ್ಮಲ್ಲಿ ತಡವಾಗದಿರಲಿ.