ಕೊಲೆಯಾದವರನ್ನು ಕಟಕಟೆಗೆ ಹತ್ತಿಸಬೇಡಿ

2015ರ ಜನವರಿ 7. ಪ್ಯಾರಿಸ್ಸಿನ 'ಶಾರ್ಲಿ ಎಬ್ಡೊ' ವ್ಯಂಗ್ಯ ವಾರಪತ್ರಿಕೆಯ ಕಚೇರಿಗೆ ಬಂದೂಕು ಹಿಡಿದು ನುಗ್ಗಿದ ಅಣ್ಣತಮ್ಮಂದಿರಿಬ್ಬರು ಒಟ್ಟು 12 ಜನರನ್ನು ಕೊಂದರು. ಸಂಪಾದಕ ಶಾರ್ಬ್ ಹೋದರು. ವ್ಯಂಗ್ಯಚಿತ್ರಕಾರರಾದ 76ರ ಕಾಬು, 80ರ ವೊಲಿನ್ಸ್ಕಿ ಹೋದರು. ಕರಡು ತಿದ್ದುತ್ತಿದ್ದ ಮುಸ್ತಫಾ ಉರಾದ್ ಹೋದರು. ಕಟ್ಟಡದ ನಿರ್ವಹಣೆಗೆಂದು ಬಂದಿದ್ದ ಕೆಲಸಗಾರನೊಬ್ಬ ಹೋದ. ಅವನು ಜನ್ಮದಲ್ಲಿ ಒಂದು ವ್ಯಂಗ್ಯಚಿತ್ರ ಬರೆದವನಲ್ಲ. ಹೊರಗೆ ಬೀದಿಯಲ್ಲಿ ಗಾಯಗೊಂಡು ಬಿದ್ದಿದ್ದ ಪೊಲೀಸ್ ಅಹ್ಮದ್ ಮೆರಾಬೆಯನ್ನು ಹತ್ತಿರ ಬಂದು ಗುಂಡಿಟ್ಟು ಮುಗಿಸಿದರು. ಪತ್ರಿಕೆಯ ಚಿತ್ರಗಳಿಂದ ಪ್ರವಾದಿಗಾದ ಅವಮಾನಕ್ಕೆ ಸೇಡು ಎಂದು ಕೂಗಿದವರ ಗುಂಡಿಗೆ ಬಿದ್ದವರಲ್ಲಿ ಒಬ್ಬ ಮುಸ್ತಫಾ, ಒಬ್ಬ ಅಹ್ಮದ್!

ಹೆಣಗಳು ಮಣ್ಣು ಸೇರುವ ಮೊದಲೇ ವಿಚಾರಣೆ ಶುರುವಾಯಿತು. ಕೊಂದವರದಲ್ಲ, ಸತ್ತವರದು. ದೇವರ ಹೆಸರಲ್ಲಿ ಕೊಲ್ಲುವುದು ತಪ್ಪು ಎಂದ ಪೋಪ್ ಫ್ರಾನ್ಸಿಸ್, ಅದೇ ಉಸಿರಿನಲ್ಲಿ, ತಾಯಿಯನ್ನು ಬೈದವನು ಗುದ್ದು ತಿನ್ನಲು ಸಿದ್ಧನಿರಬೇಕು ಎಂಬರ್ಥದ ಮಾತಾಡಿದರು. ಅಮೆರಿಕದಲ್ಲಿ ಲೇಖಕರ ಪೆನ್ ಸಂಸ್ಥೆ ಆ ಪತ್ರಿಕೆಗೆ ಧೈರ್ಯದ ಪ್ರಶಸ್ತಿ ಕೊಡಲು ಹೊರಟಾಗ ಪೀಟರ್ ಕೇರಿ, ಮೈಕೆಲ್ ಒಂಡಾಚೆ, ತೇಜು ಕೋಲ್ ಸೇರಿ ಆರು ಲೇಖಕರು ಸಮಾರಂಭದಿಂದ ಹಿಂದೆ ಸರಿದರು. ಆಮೇಲೆ ಇನ್ನೂರಕ್ಕೂ ಹೆಚ್ಚು ಮಂದಿ ವಿರೋಧಕ್ಕೆ ಸಹಿ ಹಾಕಿದರು. ದುರ್ಬಲರನ್ನು ಗೇಲಿ ಮಾಡುವ ಜನಾಂಗದ್ವೇಷಿ ಪತ್ರಿಕೆ ಅದು ಎಂಬ ಮಾತು ಲೋಕವೆಲ್ಲ ಸುತ್ತಿತು.

ಹೀಗೆಂದವರಲ್ಲಿ ಎಷ್ಟು ಜನ ಅದನ್ನು ಓದಿದ್ದರು? ಫ್ರಾನ್ಸಿನ ಅಂದಿನ ನ್ಯಾಯಮಂತ್ರಿ, ಕಪ್ಪುವರ್ಣದ ಕ್ರಿಸ್ಟಿಯಾನ್ ತೊಬಿರಾ ಅವರನ್ನು ಕೋತಿಯಂತೆ ಬರೆದ ಚಿತ್ರವೇ ಆರೋಪದ ಮುಖ್ಯ ಸಾಕ್ಷಿಯಾಗಿ ಊರೂರು ತಿರುಗಿತು. ಅವರನ್ನು ಕೋತಿಗೆ ಹೋಲಿಸಿ ಹೀನಾಯ ಮಾಡಿದ್ದು ಬಲಪಂಥೀಯರು. ಶಾರ್ಬ್ ಆ ಚಿತ್ರದ ಪಕ್ಕದಲ್ಲೇ ಬಲಪಂಥೀಯ ಪಕ್ಷದ ಜ್ವಾಲೆಯ ಲಾಂಛನ ಹಾಕಿ, ಅವರ ಜನಾಂಗದ್ವೇಷವನ್ನು ಹೆಸರಿಟ್ಟು ಬೈದಿದ್ದರು. ಕೊಲೆಯಾದ ಚಿತ್ರಕಾರ ತಿನ್ಯೂಸ್ ಅಂತ್ಯಕ್ರಿಯೆಯಲ್ಲಿ ನಿಂತು ಶ್ರದ್ಧಾಂಜಲಿಯ ಮಾತಾಡಿದವರು ಯಾರು? ಅದೇ ತೊಬಿರಾ. ಚಿತ್ರದಲ್ಲಿದ್ದವರಿಗೇ ಅರ್ಥವಾದದ್ದು, ಅವರ ಪರವಾಗಿ ನೊಂದುಕೊಂಡವರಿಗೆ ಅರ್ಥವಾಗಲಿಲ್ಲ. ಹತ್ತು ವರ್ಷಗಳ 523 ಮುಖಪುಟಗಳನ್ನು ಇಬ್ಬರು ಸಮಾಜಶಾಸ್ತ್ರಜ್ಞರು ಎಣಿಸಿ ನೋಡಿದರು: ಇಸ್ಲಾಂ ಮುಖ್ಯ ವಿಷಯವಾಗಿದ್ದದ್ದು ಏಳರಲ್ಲಿ, ಕ್ರೈಸ್ತಧರ್ಮ 21ರಲ್ಲಿ. ಸತ್ತವನು ಎದ್ದು ಬಂದು ಉತ್ತರ ಕೊಡಲಾರ. ಅವನ ಹೆಸರಿಗೆ ಮಸಿ ಬಳಿಯುವ ಮುಂಚೆ ಒಂದು ಪುಟ ತಿರುವಿ ನೋಡುವಷ್ಟು ತಾಳ್ಮೆಯೂ ಇಲ್ಲವೇ? ಈ ಬೇಜವಾಬ್ದಾರಿ ನನ್ನ ರಕ್ತ ಕುದಿಸುತ್ತದೆ.

ಆ ಪತ್ರಿಕೆಯದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಸಮುದ್ರದ ದಡದಲ್ಲಿ ಹೆಣವಾಗಿ ಸಿಕ್ಕ ಸಿರಿಯಾದ ಕಂದನನ್ನು ಮುಂದಿಟ್ಟುಕೊಂಡು, ಬೆಳೆದಿದ್ದರೆ ಹೆಂಗಸರ ಮೈಮೇಲೆ ಕೈಹಾಕುವವನಾಗುತ್ತಿದ್ದ ಎಂಬಂತೆ 2016ರಲ್ಲಿ ಅದು ಪ್ರಕಟಿಸಿದ ಚಿತ್ರ ನನಗೆ ಹೇಸಿಗೆ. ಅದನ್ನು ಬರೆದ ರಿಸ್ ಹಿಂದಿನ ವರ್ಷ ಅದೇ ಕಚೇರಿಯಲ್ಲಿ ಭುಜಕ್ಕೆ ಗುಂಡು ತಿಂದು ಬದುಕುಳಿದವರು. ಆ ಗಾಯಕ್ಕಾಗಿ ಅವರ ಚಿತ್ರವನ್ನು ನಾನು ಕ್ಷಮಿಸಬೇಕಿಲ್ಲ. ಆ ಚಿತ್ರ ತೋರಿಸಿ ಗಾಯಕ್ಕೆ ಕಾರಣ ಹುಡುಕುವ ಹಕ್ಕು ಯಾರಿಗೂ ಇಲ್ಲ.

ನೊಂದವರಿಗೆ ದಾರಿಯೇ ಇರಲಿಲ್ಲವೇ? ಇತ್ತು. ಪ್ಯಾರಿಸ್ಸಿನ ದೊಡ್ಡ ಮಸೀದಿಯವರು ಈ ಪತ್ರಿಕೆಯ ಮೇಲೆ ದಾವೆ ಹೂಡಿದ್ದರು. 2007ರಲ್ಲಿ ಸೋತರು, ಸೋತರೂ ಮರ್ಯಾದೆಯಿಂದ ಹೋರಾಡಿದರು. ಕೆಣಕಿದ್ದಕ್ಕೆ ಕೊಲೆಯಾಯಿತು ಎನ್ನುವವರು ಆ ಮಸೀದಿಯವರನ್ನೂ ಅವಮಾನಿಸುತ್ತಾರೆ. ಸಿಟ್ಟು ಬಂದ ಲಕ್ಷಾಂತರ ಮುಸ್ಲಿಮರು ಮನೆಯಲ್ಲೇ ಇದ್ದರು, ಕೆಲಸಕ್ಕೆ ಹೋದರು, ಬೈದು ಸುಮ್ಮನಾದರು. ಕೊಲ್ಲಲು ಹೊರಟವರು ಇಬ್ಬರು. ಅವರೇ ಆ ಸಮುದಾಯದ ನೋವಿನ ವಕ್ತಾರರು ಎಂದು ಒಪ್ಪಿಕೊಳ್ಳಲು ನಾವು ಯಾರು?

ನಮ್ಮ ನೆಲದಲ್ಲೂ ಇದನ್ನೇ ಕೇಳಿದೆವು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. ಅವರು ವಿಗ್ರಹಗಳ ಬಗ್ಗೆ ಹಿಂದಿನ ವರ್ಷ ಆಡಿದ್ದ ಮಾತನ್ನು ಜನ ಕೂಡಲೇ ಹೆಕ್ಕಿ ತಂದರು. ಬದುಕಿಡೀ ವಚನ, ಶಾಸನಗಳಲ್ಲಿ ಮುಳುಗಿದ್ದ ಹಿರಿಯನ ಎಲ್ಲ ಕೆಲಸ ಆ ಒಂದು ಮಾತಿನಲ್ಲಿ ಕೊಚ್ಚಿಹೋಯಿತು. ಕರಾವಳಿಯ ಒಬ್ಬ ಸಂಭ್ರಮಿಸಿ, ಮುಂದಿನ ಸರದಿ ಯಾರದೆಂದೂ ಟ್ವೀಟ್ ಮಾಡಿದ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯೆದುರು ಬಿದ್ದಾಗಲೂ ಅದೇ ಪಾಠ: ಅಷ್ಟು ಖಾರವಾಗಿ ಯಾಕೆ ಬರೆಯಬೇಕಿತ್ತು?

ಗೌರಿಯ ಪತ್ರಿಕೆಯ ಬರಹದಿಂದ ನೊಂದ ರಾಜಕಾರಣಿಗಳು ಮಾನನಷ್ಟ ಮೊಕದ್ದಮೆ ಹೂಡಿದ್ದರು. 2016ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತ್ತು. ಜಾಮೀನು ಪಡೆದು, ಮೇಲ್ಮನವಿಗೆ ಹೊರಟಿದ್ದರು. ಆಕೆ ಕಾನೂನಿಗೆ ಹಾಜರಾಗಿದ್ದರು. ಇನ್ನೇನು ಲೆಕ್ಕ ಬಾಕಿ ಇತ್ತು, ಗುಂಡು ಹಾರಿಸಿ ಚುಕ್ತಾ ಮಾಡುವಂಥದ್ದು?

ಗೌರಿ ಬರೆದದ್ದು ತಪ್ಪೆನಿಸಿದರೆ ಇವತ್ತೂ ಬನ್ನಿ. ಹಳೆಯ ಸಂಚಿಕೆ ತೆಗೆಯಿರಿ, ಸಾಲು ತೋರಿಸಿ, ಜಗಳವಾಡೋಣ. ನಾನೂ ಕೆಲವು ಕಡೆ ನಿಮ್ಮ ಪರ ನಿಂತೇನು. ಕೊಲೆಯ ಮಾತು ಬಂದಾಗ ಮಾತ್ರ ಆ ಸಂಚಿಕೆಯನ್ನು ಕೆಳಗಿಡಿ. ಅಲ್ಲಿ ಉತ್ತರ ಕೊಡಬೇಕಾದವರು ಗುಂಡು ಹಾರಿಸಿದವರು, ಅವರಿಗೆ ಪಿಸ್ತೂಲು ಕೊಟ್ಟವರು, ಅವರ ತಲೆಯಲ್ಲಿ ವಿಷ ತುಂಬಿದವರು.